ಕೈಯಾರೆ ಮಾಡಿದ ಕತ್ತಿಯೊಂದಿಗೆ ಟಿ.ವಿ. ಸ್ಪರ್ಧೆಗೆ: ಅರ್ಜಿಯಿಂದ ಪ್ರಸಾರದವರೆಗೆ

ನಾನು ಭಾಗವಹಿಸಿದ ಸಂಚಿಕೆ ಪ್ರಸಾರವಾಗಿದೆ. ಹಾಗಾಗಿ ಒಪ್ಪಂದದ ಪ್ರಕಾರ ಇನ್ನು ನಾನು ಬಾಯಿ ಬಿಡಬಹುದು. ಆದರೂ ಕಾರ್ಯಕ್ರಮದ ಹೆಸರನ್ನಾಗಲಿ, ಅದನ್ನು ತಯಾರಿಸಿದ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಆ ಕಡತದಲ್ಲಿ ಯಾವ ಸಾಲು ಇಂದಿಗೂ ನನ್ನನ್ನು ಕಟ್ಟಿಹಾಕುತ್ತದೆ ಎಂಬುದನ್ನು ವಕೀಲರಿಗೆ ದುಡ್ಡು ಕೊಟ್ಟು ತಿಳಿದುಕೊಳ್ಳುವ ಉತ್ಸಾಹ ನನಗಿಲ್ಲ. ಹೆಸರಿಲ್ಲದಿದ್ದರೂ ಉಪಯೋಗಕ್ಕೆ ಬರುವ ವಿಷಯ ಸಾಕಷ್ಟಿದೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಮನೆಯ ಹಿಂಭಾಗದಲ್ಲಿ ಕುಲುಮೆ ಇಟ್ಟುಕೊಂಡು ಚಾಕು ಮಾಡುವವರು ನಾನೊಬ್ಬನೇ ಅಲ್ಲವೆಂದು ಸಂಚಿಕೆ ಬಂದ ಮೇಲೆ ಸಿಕ್ಕ ಸಂದೇಶಗಳಿಂದ ಗೊತ್ತಾಯಿತು. ಅವರೆಲ್ಲ ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಒಳಗೆ ಹೋಗುವುದು ಹೇಗೆ, ಹೋದ ಮೇಲೆ ಏನಾಗುತ್ತದೆ?

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. 2015ರಲ್ಲಿ ಹಿಸ್ಟರಿ ವಾಹಿನಿಯಲ್ಲಿ ‘ಫೋರ್ಜ್ಡ್ ಇನ್ ಫೈರ್’ ಆರಂಭವಾದ ಮೇಲೆ ಕಮ್ಮಾರಿಕೆ ಇಲ್ಲಿ ಹವ್ಯಾಸಿಗಳ ನಡುವೆ ಮತ್ತೆ ಚಿಗುರಿತು. ಅದರಲ್ಲಿ ಸ್ಪರ್ಧಿಗಳು ಗಡಿಯಾರದ ಎದುರು ಅಲ್ಲೇ ಕತ್ತಿ ಬಡಿದು ಮಾಡಬೇಕು. 2018ರಲ್ಲಿ ಅದೇ ವಾಹಿನಿ ಕುಸ್ತಿಪಟು ಬಿಲ್ ಗೋಲ್ಡ್‌ಬರ್ಗ್ ಅವರನ್ನು ನಿರೂಪಕರನ್ನಾಗಿಸಿ ‘ನೈಫ್ ಆರ್ ಡೆತ್’ ಎಂಬ ಇನ್ನೊಂದನ್ನು ತಂದಿತು. ಅಲ್ಲಿ ಕತ್ತಿಯನ್ನು ಮನೆಯಿಂದಲೇ ತರಬೇಕು, ಸಾಲಾಗಿ ಇಟ್ಟಿರುವ ಹಗ್ಗ, ಮರ, ಮಂಜುಗಡ್ಡೆಗಳನ್ನು ಕಡಿಯುತ್ತ ಓಡಬೇಕು. ನಾನು ಹೋದದ್ದು ಈ ಎರಡನೆಯ ಬಗೆಯ ಸ್ಪರ್ಧೆಗೆ. ಟಿ.ವಿ.ಯವರು ಬರುವುದಕ್ಕೆ ಮೊದಲಿನಿಂದಲೂ ಬ್ಲೇಡ್‌ಸ್ಪೋರ್ಟ್ಸ್ ಎಂಬ ಸಂಘಟನೆಯವರು ಇಂಥ ಕಡಿಯುವ ಪಂದ್ಯಗಳನ್ನು ನಡೆಸಿಕೊಂಡು ಬಂದಿದ್ದಾರೆ. ಪ್ರತಿ ಬೇಸಿಗೆಯಲ್ಲಿ ಅಟ್ಲಾಂಟಾದಲ್ಲಿ ನಡೆಯುವ ಬ್ಲೇಡ್ ಶೋ ಎಂಬ ದೊಡ್ಡ ಚಾಕು ಸಂತೆಗೆ ಹೋದವರು ಇಂಥ ಪಂದ್ಯಗಳ ಬಗ್ಗೆ ಕೇಳಿಯೇ ಇರುತ್ತಾರೆ.

ನಾನು ಮೂಲತಃ ಕೊಡಗಿನ ಸೋಮವಾರಪೇಟೆ ಕಡೆಯವನು. ಡಲ್ಲಾಸ್ ಪಕ್ಕದ ಊರೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಕಾಫಿ ತೋಟದಲ್ಲಿ ಬೆಳೆದವರಿಗೆ ಕತ್ತಿ ಹೊಸದಲ್ಲ, ಆದರೆ ಕತ್ತಿ ಮಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಲಿತದ್ದು ಇಲ್ಲಿ, ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಕತ್ತಿ ಕಮ್ಮಾರರ ಸಂಘದ ಸದಸ್ಯರಾದ ಹಿರಿಯ ಕಮ್ಮಾರರೊಬ್ಬರ ಕೊಟ್ಟಿಗೆಯಲ್ಲಿ, ಶನಿವಾರಗಳಂದು. ಊರಿಗೆ ಫೋನು ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: “ಅಲ್ಲ ಕಣೋ, ಅಷ್ಟು ಓದಿಸಿದ್ದು ಕುಲುಮೆ ಊದೋಕಾ?”

ಅರ್ಜಿ ಹಾಕುವುದು ಸುಲಭ. ಅಂತರಜಾಲದ ನಮೂನೆ, ಮಾಡಿದ ಚಾಕುಗಳ ಫೋಟೋಗಳು, ಕಡಿಯುವುದನ್ನು ತೋರಿಸುವ ಕಿರು ವಿಡಿಯೊ ಇಷ್ಟಿದ್ದರೆ ಸಾಕು. ವಿಡಿಯೊ ವಿಷಯದಲ್ಲಿ ಒಂದು ಕಿವಿಮಾತು: ಸಂಗೀತ ಹಾಕಬೇಡಿ, ಕತ್ತರಿಸಿ ಜೋಡಿಸಬೇಡಿ. ಕ್ಯಾಮೆರಾವನ್ನು ಒಂದು ಕಡೆ ನಿಲ್ಲಿಸಿ, ತೂಗುಹಾಕಿದ ಹಗ್ಗವನ್ನೂ ಒಂದು ಮರದ ತುಂಡನ್ನೂ ಒಂದೇ ಓಟದಲ್ಲಿ ಕಡಿದು ತೋರಿಸಿ. ಆಯ್ಕೆ ಮಾಡುವವರು ನೋಡುವುದು ನಿಮ್ಮ ಕತ್ತಿ ಎಷ್ಟು ಹರಿತವೆಂದಲ್ಲ, ಬೀಸಿದ ಮೇಲೆ ನಿಮ್ಮ ಕೈ ಎಲ್ಲಿ ಹೋಗಿ ನಿಲ್ಲುತ್ತದೆ, ಕಾಲು ಎಲ್ಲಿರುತ್ತದೆ ಎಂದು. ಅಪಾಯಕಾರಿಯಾಗಿ ಕಾಣುವವನನ್ನು ಅವರ ವಿಮೆಯವರು ಒಪ್ಪುವುದಿಲ್ಲ.

ಸಂದರ್ಶನಕ್ಕೆ ಕರೆ ಬರಲು ಬಹಳ ಕಾಲ ಹಿಡಿಯಿತು. ಅರ್ಜಿ ಹಾಕಿದ್ದನ್ನೇ ಮರೆಯುವ ಹೊತ್ತಿಗೆ ಫೋನು ಬಂತು. ವೀಡಿಯೊ ಕರೆಯಲ್ಲಿ ಮಾತಾಡಿದ ಯುವತಿ ಬಹಳ ಸ್ನೇಹದಿಂದಲೇ ಮಾತಾಡಿದರು. ಆದರೆ ಅವರಿಗೆ ಬೇಕಾಗಿದ್ದುದು ಕಥೆ. ನಿಮ್ಮ ವಂಶದಲ್ಲಿ ಯೋಧರಿದ್ದರೇ, ಅರಮನೆಗೆ ಖಡ್ಗ ಮಾಡಿಕೊಟ್ಟವರಿದ್ದರೇ ಎಂದು ಸುತ್ತಿ ಬಳಸಿ ಕೇಳಿದರು. ನಮ್ಮಜ್ಜ ಕತ್ತಿ ಹಿಡಿದದ್ದು ಕಾಫಿ ಗಿಡದ ಕೆಳಗಿನ ಕಾಡು ಸವರುವುದಕ್ಕೆ ಎಂದೆ. ಕೊಡಗಿನವರೆಂದರೆ ಯೋಧರಲ್ಲವೇ ಎಂದು ಎಲ್ಲೋ ಓದಿಕೊಂಡು ಬಂದು ಮತ್ತೆ ಕೇಳಿದಾಗ, ಕೊಡವರ ಒಡಿಕತ್ತಿಯ ಬಗ್ಗೆ, ಅವರ ಮದುವೆಗಳಲ್ಲಿ ಬಾಳೆ ಕಡಿಯುವ ಶಾಸ್ತ್ರದ ಬಗ್ಗೆ, ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ಬಗ್ಗೆ ನಾನು ಚಿಕ್ಕಂದಿನಲ್ಲಿ ನೆರೆಯವನಾಗಿ ಕಂಡದ್ದನ್ನು ಹೇಳಿ, ಅದು ನಮ್ಮ ಮನೆಯ ಪದ್ಧತಿಯಲ್ಲ ಎಂದೂ ಸೇರಿಸಿದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ಈ ಹಂತದಲ್ಲಿ ನೀವು ಒಪ್ಪಿಕೊಂಡ ಕಥೆಯೇ ಕೊನೆಗೆ ಪರದೆಯ ಮೇಲೆ ನಿಮ್ಮ ಹೆಸರಿನ ಕೆಳಗೆ ಅಂಟಿಕೊಳ್ಳುತ್ತದೆ. ಊರಿನವರು ಅದನ್ನು ನೋಡುತ್ತಾರೆ. ಸುಳ್ಳಿಗೆ ತಲೆಯಾಡಿಸಬೇಡಿ, ನಿರಾಕರಿಸಿದ ಮಾತ್ರಕ್ಕೆ ಅವರು ನಿಮ್ಮನ್ನು ಕೈಬಿಡುವುದೂ ಇಲ್ಲ.

ವೀಸಾದಲ್ಲಿರುವವರು ಇಲ್ಲಿ ನಿಲ್ಲಬೇಕು. ಎಚ್-1ಬಿ ಇರುವವರಿಗೆ ಅರ್ಜಿ ಸಲ್ಲಿಸಿದ ಕಂಪನಿಯ ಕೆಲಸವೊಂದನ್ನು ಮಾಡಲು ಮಾತ್ರ ಅನುಮತಿ, ಟಿ.ವಿ.ಯಲ್ಲಿ ಕಾಣಿಸಿಕೊಂಡದ್ದಕ್ಕೆ ಸಂಭಾವನೆ ಪಡೆಯುವುದು ಕೆಲಸವೆನಿಸಿಕೊಂಡರೆ ತೊಂದರೆ. ನನ್ನ ಬಳಿ ಗ್ರೀನ್ ಕಾರ್ಡ್ ಇದ್ದುದರಿಂದ ಈ ಪ್ರಶ್ನೆ ಏಳಲಿಲ್ಲ. ಇಲ್ಲದವರು ಅರ್ಜಿ ಹಾಕುವ ಮೊದಲೇ ವಲಸೆ ವಕೀಲರನ್ನು ಕೇಳಿ.

ಇನ್ನು ಕತ್ತಿ. ಅಳತೆಯ ನಿಯಮ ನಿಮ್ಮ ಕೈಗೆ ಬರುವ ಮೊದಲು ಉಕ್ಕು ಕಾಯಿಸಬೇಡಿ. ನಮಗೆ ಕಳಿಸಿದ ನಿಯಮ ಹೆಚ್ಚುಕಡಿಮೆ ಬ್ಲೇಡ್‌ಸ್ಪೋರ್ಟ್ಸ್‌ನವರದ್ದೇ: ಅಲಗು 10 ಇಂಚು ಮೀರಬಾರದು, ಹಿಡಿ ಸೇರಿ ಒಟ್ಟು ಉದ್ದ 15 ಇಂಚು ಮೀರಬಾರದು, ಅಲಗಿನ ಅಗಲ 2 ಇಂಚು ಮೀರಬಾರದು, ಹಿಡಿಯಲ್ಲಿ ರಂಧ್ರ ಕೊರೆದು ಕೈಗೆ ಸಿಕ್ಕಿಸಿಕೊಳ್ಳುವ ದಾರ ಇರಲೇಬೇಕು. ಮೀರಬಾರದು ಎಂದರೆ ಕೂದಲೆಳೆಯಷ್ಟೂ ಮೀರಬಾರದು. ಗರಿಷ್ಠ ಅಳತೆಗೆ ಸರಿಯಾಗಿ ಮಾಡುವ ಬದಲು ಎಲ್ಲ ಕಡೆ ಸ್ವಲ್ಪ ಒಳಗೆ ನಿಲ್ಲುವುದು ಕ್ಷೇಮ.

ವೇಗವಾಗಿ ಕಡಿಯುವ ಪಟುಗಳಲ್ಲಿ ಅನೇಕರು ಸಿಪಿಎಂ ಎಂ4 ಎಂಬ ಉಕ್ಕನ್ನು ಮೆಚ್ಚುತ್ತಾರೆ. ಅದರ ಬಾಯಿ, ಅಂದರೆ ಹರಿತದ ಅಂಚು, ಬೇಗ ಸಾಯುವುದಿಲ್ಲ ನಿಜ, ಆದರೆ ಅದಕ್ಕೆ ಹದ ಕೊಡಲು 1,100 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟೋ ಮೇಲಿನ ಉಷ್ಣತೆಯನ್ನು ಕರಾರುವಾಕ್ಕಾಗಿ ನಿಲ್ಲಿಸಬಲ್ಲ ವಿದ್ಯುತ್ ಕುಲುಮೆ ಬೇಕು. ಗ್ಯಾಸಿನ ಕುಲುಮೆಯಲ್ಲಿ ಕಣ್ಣಳತೆಯಿಂದ ಆಗುವ ಕೆಲಸವಲ್ಲ. ನಾನು ಆರಿಸಿದ್ದು 5160, ಅಂದರೆ ಲಾರಿಗಳ ಸ್ಪ್ರಿಂಗ್ ಪಟ್ಟಿಗಳಿಗೆ ಬಳಸುವ ಜಾತಿಯ ಉಕ್ಕು. ಸುಮಾರು ಶೇಕಡಾ 0.6 ಇಂಗಾಲ, ಜೊತೆಗೆ ಅಲ್ಪ ಪ್ರಮಾಣದ ಕ್ರೋಮಿಯಂ. ಹೊಡೆತ ತಿನ್ನುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಹಳೆಯ ಸ್ಪ್ರಿಂಗ್ ಪಟ್ಟಿಯಿಂದಲೂ ಮಾಡಬಹುದು ಎನ್ನುವವರಿದ್ದಾರೆ. ಮನೆಗೆಲಸದ ಕತ್ತಿಗೆ ಸರಿ, ಸ್ಪರ್ಧೆಗೆ ಬೇಡ. ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದು ಬಾಯಿ ತೆರೆಯುವುದು ಕ್ಯಾಮೆರಾ ಮುಂದೆಯೇ. ಹೊಸ ಉಕ್ಕಿನ ಪಟ್ಟಿಗೆ ಮೂವತ್ತು ಡಾಲರ್ ಆಸುಪಾಸು. ಅಲ್ಲಿ ಜಿಪುಣತನ ಮಾಡಿ ಉಳಿಸುವುದೇನೂ ಇಲ್ಲ.

ಬಡಿದು ರೂಪ ಕೊಟ್ಟ ಮೇಲೆ, ಕಾಯಿಸಿ ಗಾಳಿಯಲ್ಲಿ ಆರಲು ಬಿಡುವ ಕ್ರಮವನ್ನು ಮೂರು ಸಲ, ಪ್ರತಿ ಸಲವೂ ಕಾವು ತುಸು ಇಳಿಸುತ್ತ ಮಾಡಬೇಕು. ಬಡಿತದಿಂದ ಒಳಗೆ ಸೇರಿದ ಒತ್ತಡ ಇಳಿಯುವುದೂ, ಕಣ ಸಣ್ಣದಾಗುವುದೂ ಇಲ್ಲಿ. ಆಮೇಲೆ ಹದ. ಅಯಸ್ಕಾಂತ ಉಕ್ಕನ್ನು ಹಿಡಿಯುವುದನ್ನು ಬಿಡುವುದು ಸುಮಾರು 770 ಡಿಗ್ರಿಯಲ್ಲಿ. 5160ಕ್ಕೆ ಅಲ್ಲಿಂದ ಇನ್ನೂ ಮೇಲೆ, 830ರ ಸುಮಾರಿಗೆ ಹೋಗಿ ಕೆಲವು ನಿಮಿಷ ನಿಂತು, ಬೆಚ್ಚಗೆ ಮಾಡಿಟ್ಟ ಎಣ್ಣೆಯಲ್ಲಿ ಅದ್ದಬೇಕು. ತಣಿದ ತಕ್ಷಣ ಅರ ಉಜ್ಜಿ ನೋಡಿ. ಹಲ್ಲು ಹಿಡಿಯದೆ ಜಾರಿದರೆ ಉಕ್ಕು ಗಟ್ಟಿಯಾಗಿದೆ ಎಂದರ್ಥ. ಆ ಸ್ಥಿತಿಯಲ್ಲಿ ಅದು ಕೈ ಜಾರಿ ನೆಲಕ್ಕೆ ಬಿದ್ದರೂ ಗಾಜಿನಂತೆ ಒಡೆಯಬಹುದಾದ್ದರಿಂದ ತಡಮಾಡದೆ ಒಲೆಗೆ ಹಾಕಿ, 200 ಡಿಗ್ರಿಯ ಸುಮಾರಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ, ಗಟ್ಟಿತನ ತುಸು ತಗ್ಗಿಸುವ ಇಳಿಹದ ಕೊಡಬೇಕು. ಅಡುಗೆಮನೆಯ ಒಲೆ ಇದಕ್ಕೆ ಸಾಕಾಗುತ್ತದೆ, ಆದರೆ ಅದರ ಮುಖದ ಮೇಲೆ ತೋರಿಸುವ ಅಂಕಿಯನ್ನು ನಂಬದೆ ಒಳಗೊಂದು ಬೇರೆ ಉಷ್ಣಮಾಪಕ ಇಡಿ. ಮನೆಯೆಲ್ಲ ಕಮಟು ಎಣ್ಣೆಯ ವಾಸನೆ ತುಂಬುತ್ತದೆ ಎಂಬುದನ್ನು ಮನೆಯವರಿಗೆ ಮುಂಚಿತವಾಗಿ ತಿಳಿಸಿರುವುದೂ ಒಳ್ಳೆಯದು.

ಹದ ಸರಿಯಾಗಿದೆಯೇ ಎಂದು ತಿಳಿಯಲು ನನ್ನ ಗುರುಗಳು ಕಲಿಸಿದ ಪರೀಕ್ಷೆಯನ್ನು ಇಲ್ಲಿ ಬರೆಯಲೇಬೇಕು. ಬೆರಳಿಗಿಂತ ತೆಳ್ಳಗಿನ ಹಿತ್ತಾಳೆ ಸರಳೊಂದನ್ನು ವೈಸ್ ಎಂಬ ಮೇಜಿನ ಇಕ್ಕಳದಲ್ಲಿ ಬಿಗಿದು, ಅಲಗಿನ ಬಾಯಿಯನ್ನು ಸಾಣೆ ಹಿಡಿಯುವ ಓರೆಯಲ್ಲೇ ಅದರ ಮೇಲಿಟ್ಟು ಮೆಲ್ಲಗೆ ಒತ್ತುತ್ತ ಎಳೆಯಬೇಕು. ಹಿಂದೆ ದೀಪವಿರಲಿ. ಒತ್ತಿದ ಕಡೆ ಬಾಯಿ ಒಂದಿಷ್ಟು ಬಾಗುವುದು ಕಣ್ಣಿಗೆ ಕಾಣುತ್ತದೆ. ಬೆಳಕಿನ ಒಂದು ಸಣ್ಣ ಉಬ್ಬು ಸರಳಿನ ಮೇಲೆ ಹಿಡಿಯ ಬುಡದಿಂದ ಮೊನೆಯವರೆಗೆ ಹರಿದುಹೋಗುತ್ತದೆ. ಸರಳು ದಾಟಿದ ಜಾಗದಲ್ಲಿ ಬಾಯಿ ಮತ್ತೆ ನೆಟ್ಟಗಾದರೆ ಹದ ಸರಿ. ಬಾಗಿದ್ದು ಬಾಗಿದಂತೆಯೇ ಉಳಿದರೆ ಉಕ್ಕು ಮೆತ್ತಗಿದೆ, ಚೂರು ಉದುರಿದರೆ ವಿಪರೀತ ಗಟ್ಟಿಯಾಗಿದೆ. ಆ ಬೆಳಕು ಒಂದೇ ಸಮನೆ ಹರಿದು ಮೊನೆ ಮುಟ್ಟಿದ ಸಂಜೆ ನನಗಾದ ಸಂತೋಷ ಆಮೇಲೆ ಟಿ.ವಿ.ಯಲ್ಲಿ ಮುಖ ಕಂಡಾಗಲೂ ಆಗಲಿಲ್ಲ.

ಅಷ್ಟಕ್ಕೆ ತೃಪ್ತಿಪಡದೆ, ಬ್ಲೇಡ್‌ಸ್ಮಿತ್ ಸೊಸೈಟಿಯವರು ಜರ್ನಿಮನ್, ಅಂದರೆ ಪಳಗಿದ ಕಮ್ಮಾರ, ಎಂಬ ಪದವಿಗೆ ಒಡ್ಡುವ ಪರೀಕ್ಷೆಯನ್ನು ಅದೇ ಉಕ್ಕಿನಿಂದ ಅದೇ ಕ್ರಮದಲ್ಲಿ ಮಾಡಿದ ಜೋಡಿ ಕತ್ತಿಯೊಂದರ ಮೇಲೆ ನಡೆಸಿ. ತೂಗುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಟೂ ಬೈ ಫೋರ್ ಎನ್ನುವ ಮನೆ ಕಟ್ಟುವ ಮರದ ಪಟ್ಟಿಯನ್ನು ಪೂರ್ತಿ ಕಡಿದು ತುಂಡು ಮಾಡುವುದನ್ನು ಎರಡು ಸಲ ಮಾಡಬೇಕು, ಇಷ್ಟಾದ ಮೇಲೂ ಅದೇ ಬಾಯಿ ತೋಳಿನ ಕೂದಲು ಬೋಳಿಸಬೇಕು, ಕೊನೆಗೆ ಅಲಗನ್ನು ವೈಸ್‌ನಲ್ಲಿ ಕಚ್ಚಿಸಿ 90 ಡಿಗ್ರಿ ಬಾಗಿಸಿದರೆ ಮುರಿಯಬಾರದು. ಬಾಗಿಸಿದ ಕತ್ತಿ ಮತ್ತೆ ಕೆಲಸಕ್ಕೆ ಬಾರದು. ಅದನ್ನು ಬಲಿಕೊಡಲು ಮನಸ್ಸು ಬರುವುದಿಲ್ಲ. ಆದರೂ ಕೊಡಿ. ಸ್ಪರ್ಧೆಯ ಕತ್ತಿಯನ್ನು ಕೈಯಲ್ಲಿ ಹಿಡಿದು ಕಾಯುವಾಗ, ಇದರ ಒಡಹುಟ್ಟಿದ್ದು ಮುರಿಯಲಿಲ್ಲ ಎಂಬ ನೆನಪಿಗಿಂತ ಹೆಚ್ಚಿನ ಧೈರ್ಯ ಬೇರೆಲ್ಲೂ ಸಿಗುವುದಿಲ್ಲ.

ಆಯ್ಕೆಯಾದದ್ದು ತಿಳಿದ ದಿನ ಒಪ್ಪಂದದ ಕಡತವೂ ಬಂತು. ಅದನ್ನು ಓದಿ ಮುಗಿಸಲು ಒಂದು ಪೂರ್ತಿ ಸಂಜೆ ಹಿಡಿಯಿತು. ಗಾಯವಾದರೆ, ಸತ್ತರೆ ದಾವೆ ಹೂಡುವುದಿಲ್ಲ. ಚಿತ್ರಿಸಿದ್ದನ್ನು ಹೇಗೆ ಬೇಕಾದರೂ ಕತ್ತರಿಸಿ ಜೋಡಿಸಬಹುದು. ಪ್ರಸಾರಕ್ಕೆ ಮೊದಲು ಫಲಿತಾಂಶ ಹೊರಬಿದ್ದರೆ ದೊಡ್ಡ ಮೊತ್ತದ ದಂಡ. ಪಕ್ಕದಲ್ಲಿ ಕೂತು ಓದುತ್ತಿದ್ದ ನನ್ನ ಹೆಂಡತಿ ಕೇಳಿದಳು: “ರೀ, ಕೈಕಾಲು ಹೋದ್ರೆ ಯಾರು ಜವಾಬ್ದಾರಿ ಅಂತ ಎಲ್ಲಿ ಬರ್ದಿದಾರೆ?”

“ಬರ್ದಿದಾರೆ. ನಾನೇ ಅಂತ.”

ಅವಳು ಮುಂದೆ ಏನೂ ಮಾತಾಡಲಿಲ್ಲ. ಮರುದಿನ ನಮ್ಮ ಆರೋಗ್ಯ ವಿಮೆಯವರಿಗೆ ಫೋನು ಮಾಡಿ, ಇಂಥ ಸ್ಪರ್ಧೆಯಲ್ಲಾದ ಗಾಯಕ್ಕೆ ವಿಮೆ ಅನ್ವಯಿಸುತ್ತದೆಯೇ ಎಂದು ವಿಚಾರಿಸಿಕೊಂಡಳು. ನೀವೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಾಗದಪತ್ರಗಳಲ್ಲಿ ಗ್ರೀನ್ ಕಾರ್ಡಿನ ಪ್ರತಿ, ತೆರಿಗೆ ನಮೂನೆ, ಹಿನ್ನೆಲೆ ಪರಿಶೀಲನೆಗೆ ಒಪ್ಪಿಗೆ, ವೈದ್ಯರ ಪ್ರಮಾಣಪತ್ರ ಇಷ್ಟೂ ಬೇಕಾದವು. ಅಜ್ಜನ ತೋಟದ ಹಳೆಯ ಫೋಟೋ ಕೇಳಿದ್ದರಿಂದ ಊರಿನಿಂದ ಅಣ್ಣ ಕಳಿಸಿದ. ಅದರಲ್ಲಿ ಕಾಣುವ ಪ್ರತಿಯೊಬ್ಬರಿಂದಲೂ ಸಹಿ ಬೇಕೆಂದರು. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ ಎಂದು ಬರೆದ ಮೇಲೆ ಆ ಫೋಟೋದ ಮಾತು ನಿಂತಿತು. ಹಳೆಯ ಚಿತ್ರ ಕಳಿಸುವುದಾದರೆ ನೀವೊಬ್ಬರೇ ಇರುವುದನ್ನು ಹುಡುಕಿ. ಬಟ್ಟೆಯ ಬಗ್ಗೆಯೂ ಸೂಚನೆ ಬರುತ್ತದೆ: ಯಾವ ಕಂಪನಿಯ ಗುರುತೂ ಇರಬಾರದು, ಅಚ್ಚ ಬಿಳಿ ಬೇಡ, ಸಣ್ಣ ಚೌಕಳಿಯೂ ಬೇಡ, ಒಂದೇ ಬಣ್ಣದ ಅಂಗಿಗಳು ಎರಡಿರಲಿ. ಚಿತ್ರೀಕರಣ ಮರುದಿನಕ್ಕೆ ಹೋದರೆ ಮೊದಲ ದಿನದ ವೇಷವೇ ಇರಬೇಕಾದ್ದರಿಂದ ಒಂದೇ ತರಹದ ಎರಡು ಅಂಗಿ ಕೊಳ್ಳುವುದು ಜಾಣತನ.

ಈ ಅವಧಿಯಲ್ಲಿ ನಾನು ಸುರಕ್ಷತೆಯ ತರಬೇತಿಯನ್ನೂ ಮುಗಿಸಿಕೊಂಡೆ. ಟಿ.ವಿ.ಯವರು ಅದನ್ನು ಕೇಳಿರಲಿಲ್ಲ. ಆದರೂ ಇಡೀ ಸಿದ್ಧತೆಯಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಮರ ಕಡಿಯುವಾಗ ನೇರ ಏಟು ಹಾಕಬಾರದು. ಎಡದಿಂದ ಒಂದು, ಬಲದಿಂದ ಒಂದು ಓರೆ ಏಟು ಹಾಕಿ ಚಕ್ಕೆ ಹಾರಿಸುತ್ತ ಹೋಗಬೇಕು. ಸಿಕ್ಕಿಕೊಂಡ ಅಲಗನ್ನು ತಿರುಚಿ ಕೀಳಬಾರದು, ಬಾಯಿ ಉದುರುವುದು ಹೆಚ್ಚಾಗಿ ಅಲ್ಲೇ. ತೂಗುಬಿಟ್ಟ ಹಗ್ಗಕ್ಕೆ ಬಲ ಬೇಡ, ವೇಗ ಬೇಕು, ಜೊತೆಗೆ ಕಡೆಯ ಗಳಿಗೆಯಲ್ಲಿ ತುಸು ಎಳೆತ ಬೇಕು. ನೀರು ತುಂಬಿದ ಬಾಟಲಿಗಳ ಸಾಲಿಗೆ ಅಲಗು ಮಟ್ಟಸವಾಗಿ ಹೋಗಬೇಕು. ಕೊಂಚ ವಾಲಿದರೂ ಎರಡನೆಯ ಬಾಟಲಿಯನ್ನು ಕಡಿಯುವ ಬದಲು ತಳ್ಳುತ್ತದೆ. ಕಡಿಯುವ ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಿಯ ಮೊನೆ ಮೈಯಿಂದ ದೂರ, ನೆಲದ ಕಡೆಗಿರಬೇಕು. ಇದೆಲ್ಲ ಓದಿದರೆ ಬರುವುದಿಲ್ಲ. ಹಳೆಯ ಹಗ್ಗ, ಮರದ ತುಂಡು, ಖಾಲಿ ಬಾಟಲಿಗಳಿಗಾಗಿ ನಾನು ಅಕ್ಕಪಕ್ಕದ ಬೀದಿಗಳಲ್ಲಿ ಮನೆ ಕಟ್ಟುತ್ತಿದ್ದವರ ಸ್ನೇಹ ಬೆಳೆಸಿದ್ದೆ.

ವಿಮಾನದಲ್ಲಿ ಕತ್ತಿಯನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲಿ ಒಯ್ಯಬಹುದು. ಪೆಟ್ಟಿಗೆ ತೆರೆದು ನೋಡುವ ಸಿಬ್ಬಂದಿಗೆ ಗಾಯವಾಗದಂತೆ ಅಲಗು ಒರೆಯೊಳಗೆ ಭದ್ರವಾಗಿರಬೇಕು ಎನ್ನುವುದು ನಿಯಮ. ನಾನು ಒರೆಯ ಮೇಲೆ ದಪ್ಪ ರಟ್ಟು ಸುತ್ತಿ ಟೇಪು ಬಿಗಿದು, ಒಳಗೇನಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿದ್ದೆ. ಇಳಿದ ಮೇಲೆ ಪೆಟ್ಟಿಗೆ ತೆರೆದರೆ, ಪರಿಶೀಲಿಸಿದ್ದೇವೆ ಎಂಬ ಮುದ್ರಿತ ಕಾಗದವೊಂದು ಒಳಗಿತ್ತು. ಟೇಪನ್ನು ಮಾತ್ರ ನನಗಿಂತ ಅಚ್ಚುಕಟ್ಟಾಗಿ ಮತ್ತೆ ಸುತ್ತಿದ್ದರು.

ಚಿತ್ರೀಕರಣದ ಜಾಗಕ್ಕೆ ಬೆಳಕು ಹರಿಯುವ ಮೊದಲೇ ಕರೆದೊಯ್ದರು. ಮೊದಲು ಫೋನುಗಳನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು. ಆಮೇಲೆ ವೈದ್ಯಕೀಯ ತಪಾಸಣೆ. ನಿರೀಕ್ಷಿಸದ ಅಡ್ಡಿ ಎದುರಾದದ್ದು ಇಲ್ಲೇ: ನನ್ನ ರಕ್ತದೊತ್ತಡ ಅವರ ಮಿತಿಗಿಂತ ಮೇಲಿತ್ತು. ಊರಿನ ವೈದ್ಯರ ಪ್ರಮಾಣಪತ್ರ ತೋರಿಸಿದರೂ ಪ್ರಯೋಜನವಾಗಲಿಲ್ಲ. ಒಂದು ಕೋಣೆಯಲ್ಲಿ ಕೂರಿಸಿ, ಕಾಫಿ ಮುಟ್ಟಬೇಡಿ ಎಂದು ಹೇಳಿ ಹೋದರು. ತಿಂಗಳುಗಟ್ಟಲೆ ಮಾಡಿದ ಕೆಲಸ ಆ ಗಾಳಿ ತುಂಬುವ ಪಟ್ಟಿಯ ಮೇಲೆ ನಿಂತಿದೆ ಎಂದುಕೊಂಡಷ್ಟೂ ಒತ್ತಡ ಏರುತ್ತದೆ ಎಂಬುದು ಗೊತ್ತಿದ್ದೂ ಅದನ್ನೇ ಯೋಚಿಸುತ್ತ ಕೂತೆ. ಎದುರಿಗಿದ್ದ ಇನ್ನೊಬ್ಬ ಸ್ಪರ್ಧಿ, ಮರ ಸವರುವ ಕಸುಬಿನ ಹೆಣ್ಣುಮಗಳು, ತನ್ನ ಮಗಳ ಶಾಲೆಯ ನಾಟಕದ ಕಥೆಯನ್ನು ಆರಂಭದಿಂದ ಹೇಳತೊಡಗಿದರು. ಬಹಳ ಉದ್ದದ, ತಲೆಬುಡವಿಲ್ಲದ ಕಥೆ. ಮತ್ತೆ ಅಳೆದಾಗ ಅಂಕಿ ಮಿತಿಯೊಳಗೆ ಬಂದಿತ್ತು.

ಕತ್ತಿಯ ತಪಾಸಣೆಗೆ ಬೇರೆ ಮೇಜು. ಉದ್ದ, ಅಗಲ ಅಳೆದರು. ಪ್ರಖರ ದೀಪದ ಕೆಳಗೆ ಅಲಗನ್ನು ತಿರುಗಿಸಿ ಬಿರುಕು ಹುಡುಕಿದರು. ಹಿಡಿಯ ಪಟ್ಟಿಗಳು ಅಲುಗಾಡುತ್ತವೆಯೇ, ಮೊಳೆಗಳು ಬಿಗಿಯಾಗಿವೆಯೇ ಎಂದು ಮರದ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟರು. ನನ್ನ ಕತ್ತಿಯಲ್ಲಿ ಅವರು ಬದಲಾಯಿಸಿದ್ದು ದಾರವನ್ನು ಮಾತ್ರ. ಎಲ್ಲರಿಗೂ ಒಂದೇ ಬಗೆಯ ಹೊಸ ಪ್ಯಾರಾಕಾರ್ಡ್ ಎಂಬ ನೈಲಾನ್ ದಾರ ಹಾಕಿಸುತ್ತಿದ್ದರು. ತಪಾಸಣೆ ಮುಗಿದ ಮೇಲೆ ಕತ್ತಿ ಅವರ ಬೀಗದ ಪೆಟ್ಟಿಗೆಗೆ ಹೋಗುತ್ತದೆ, ಓಟದ ಹೊತ್ತಿಗಷ್ಟೇ ಕೈಗೆ ಬರುತ್ತದೆ. ಅಲ್ಲಿ ಕೂತು ಕೊನೆಯ ಸಾಣೆ ಹಿಡಿಯುತ್ತೇನೆ ಎಂದುಕೊಂಡು ಹೋಗಬೇಡಿ.

ಆಮೇಲಿನದು ಕಾಯುವಿಕೆ. ಒಬ್ಬರ ಓಟ ಮುಗಿದು ಮುಂದಿನವರಿಗೆ ಹಗ್ಗ ಕಟ್ಟಿ, ಮರ ಬಿಗಿದು, ಬಾಟಲಿ ಜೋಡಿಸಿ, ನೆಲದ ನೀರು ಒರೆಸಿ, ದೀಪ ಸರಿಮಾಡುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೋಗುತ್ತದೆ. ಬೇರೆಯವರ ಓಟವನ್ನು ನೋಡಲು ಬಿಡುವುದಿಲ್ಲ. ಗೋಡೆಯಾಚೆಯಿಂದ ಏಟಿನ ಸದ್ದು, ಒಮ್ಮೊಮ್ಮೆ ಜನರ ಉದ್ಗಾರ ಕೇಳಿಸುತ್ತದೆ. ಓದಲು ಪುಸ್ತಕ ಒಯ್ಯಿರಿ. ತಿನ್ನಲು ಏನಾದರೂ ಒಯ್ಯಿರಿ. ಅಲ್ಲಿ ಸಿಕ್ಕಿದ್ದು ತಣ್ಣನೆಯ ಸ್ಯಾಂಡ್‌ವಿಚ್. ಸಸ್ಯಾಹಾರಿಗಳು ಇನ್ನೊಂದನ್ನೂ ಮುಂಚಿತವಾಗಿ ಕೇಳಿಕೊಳ್ಳಬೇಕು: ಇಂಥ ಸ್ಪರ್ಧೆಗಳಲ್ಲಿ ಮೀನನ್ನೋ ಮಾಂಸವನ್ನೋ ತೂಗುಹಾಕಿ ಕಡಿಸುವ ನಿಲುಗಡೆ ಇರುವುದುಂಟು. ನಮ್ಮಲ್ಲಿ ಮೀನಿತ್ತು, ನನಗೆ ಅದರಿಂದ ಅಡ್ಡಿಯಿರಲಿಲ್ಲ.

ನನ್ನ ಸರದಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಮೊದಲ ಓಟದಲ್ಲಿ ಹಗ್ಗ, ಬಾಟಲಿ, ಮರ, ಮೀನು, ಕೊನೆಗೆ ನೆಟ್ಟ ಬಿದಿರು. ಓಡಿದ್ದು ಎಷ್ಟು ಹೊತ್ತು ಎಂದು ನನಗೆ ಗೊತ್ತಾಗಲಿಲ್ಲ, ಆದರೆ ಕೆಲವು ಸಂಗತಿಗಳು ಅಚ್ಚೊತ್ತಿವೆ. ಹಗ್ಗ ಕಡಿದಾಗ ಕೈಗೆ ಏನೂ ತಗಲಿದಂತೆ ಅನಿಸಲಿಲ್ಲ. ತಪ್ಪಿತೆಂದು ನೋಡಿದರೆ ತುಂಡು ನೆಲದಲ್ಲಿತ್ತು. ಬಾಟಲಿಗಳ ಸಾಲಿನಲ್ಲಿ ಕೊನೆಯದು ಪೂರ್ತಿ ಕತ್ತರಿಸದೆ ಚರ್ಮದಷ್ಟು ಅಂಟಿಕೊಂಡು ವಾಲಿತು, ಮತ್ತೊಂದು ಏಟು ಬೇಕಾಯಿತು. ಮರದ ಮುಂದೆ ಮೊಣಕಾಲೂರಿದಾಗ, ಗುರುಗಳು ಕೊಟ್ಟಿಗೆಯಲ್ಲಿ ಹೇಳುತ್ತಿದ್ದ ಎಡ–ಬಲ ಎಣಿಕೆ ನಾಲಿಗೆಯ ಮೇಲೆ ತಾನಾಗಿ ಬಂತು, ಅದೂ ಕನ್ನಡದಲ್ಲಿ. ಆ ಗೊಣಗಾಟವನ್ನು ಮೈಕು ಹಿಡಿದುಕೊಂಡು ಸಂಚಿಕೆಯಲ್ಲಿ ಹಾಗೆಯೇ ಉಳಿಸಿದ್ದಾರೆ. ಬಿದಿರಿನ ಹೊತ್ತಿಗೆ ಹಿಡಿಯ ಮೇಲೆ ಮೀನಿನ ಲೋಳೆ ಇತ್ತು. ಹಿಡಿಗೆ ಹೊಳಪು ಕೊಡದೆ ಒರಟಾಗಿ ಬಿಟ್ಟದ್ದು ಅಲ್ಲಿ ಉಪಯೋಗಕ್ಕೆ ಬಂತು. ಹಿಡಿಯ ಅಂದಕ್ಕಾಗಿ ಯಾರಾದರೂ ನುಣುಪು ಮಾಡಿ ಎಂದರೆ ಕೇಳಬೇಡಿ.

ನಮ್ಮಲ್ಲಿ ಒಬ್ಬರ ಕತ್ತಿ ಮರದ ಮೇಲೆ ಮುರಿಯಿತು. ಮೊನೆಯ ಭಾಗ ಹಾರಿ ಮರಳಿನ ಚೀಲಗಳ ಗೋಡೆಗೆ ಹೊಡೆಯಿತೆಂದು ಆಮೇಲೆ ತಿಳಿಯಿತು. ಬಹಳ ಚೆಂದದ, ಉಕ್ಕಿನ ಪದರಗಳನ್ನು ಬೆಸೆದು ಮಾಡಿದ, ಅಲೆಅಲೆಯ ಡಮಾಸ್ಕಸ್ ಕತ್ತಿ. ಆ ಮನುಷ್ಯ ಕೋಣೆಗೆ ಬಂದು ಕೂತಾಗ ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಅವರೇ ಮುರಿದ ತುಂಡಿನ ಒಳಮೈಯನ್ನು ನಮಗೆಲ್ಲ ತೋರಿಸಿದರು. ಪದರಗಳ ನಡುವೆ ಬೆಸುಗೆ ಕೂಡದ ಕಪ್ಪು ಗೆರೆಯೊಂದು ಅಲ್ಲಿತ್ತು. ಹೊರಗಿನಿಂದ ಎಷ್ಟು ದೀಪ ಹಿಡಿದರೂ ಅದು ಕಾಣುತ್ತಿರಲಿಲ್ಲ.

ಎರಡನೆಯ ಓಟಕ್ಕೆ ಅತಿ ಕಡಿಮೆ ಸಮಯದ ಇಬ್ಬರನ್ನು ತೆಗೆದುಕೊಂಡರು: ನಾನು, ಮತ್ತು ನಾಟಕದ ಕಥೆ ಹೇಳಿದ ಆ ಹೆಣ್ಣುಮಗಳು. ಹೊಸದಾಗಿ ಸೇರಿದ್ದು ಮಂಜುಗಡ್ಡೆ. ಅದರ ಅಭ್ಯಾಸ ನನಗಿತ್ತು, ಆದರೆ ಪಾತ್ರೆಯಲ್ಲಿ ಗಟ್ಟಿಮಾಡಿಕೊಂಡ ಮಂಜುಗಡ್ಡೆಗೂ ಕಾರ್ಖಾನೆಯಿಂದ ತರಿಸಿದ ಪಾರದರ್ಶಕ ದಿಮ್ಮಿಗೂ ಹೋಲಿಕೆಯಿಲ್ಲ. ದಿಮ್ಮಿ ಏಟನ್ನು ನುಂಗಿಕೊಳ್ಳುತ್ತದೆ. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಬಿದ್ದರೆ ಮಾತ್ರ ಸೀಳುತ್ತದೆ. ನನ್ನ ಏಟುಗಳು ಆ ಹೊತ್ತಿಗೆ ಚದುರುತ್ತಿದ್ದವು. ಅವರದ್ದು ಚದುರಲಿಲ್ಲ. ಸಂಚಿಕೆಯಲ್ಲಿ ನೋಡಿದಾಗ ಇನ್ನೂ ಒಂದು ವಿಷಯ ಸ್ಪಷ್ಟವಾಯಿತು: ಅವರು ಓಡಲೇ ಇಲ್ಲ. ನಿಲುಗಡೆಯಿಂದ ನಿಲುಗಡೆಗೆ ನಡೆದರು, ಒಂದೊಂದರ ಮುಂದೆಯೂ ಮೊದಲ ಏಟಿಗೇ ಸರಿಯಾದ ಜಾಗದಲ್ಲಿ ನಿಂತಿದ್ದರು. ನಾನು ಓಡಿ ಉಳಿಸಿದ ಕ್ಷಣಗಳು ಕಾಲು ಸರಿಮಾಡಿಕೊಳ್ಳುವುದರಲ್ಲಿ ಹೋದವು. ದಿನವಿಡೀ ಮರದ ಮೇಲೆ ಕೆಲಸ ಮಾಡುವವರ ಕಾಲಿಗೆ ಇರುವ ತಿಳಿವಳಿಕೆ ವಾರಾಂತ್ಯದ ಅಭ್ಯಾಸದಿಂದ ಬರುವಂಥದ್ದಲ್ಲ. ಅವರು ಗೆದ್ದರು, ನ್ಯಾಯವಾಗಿ ಗೆದ್ದರು.

ಸೋತ ಮೇಲೂ ಮನೆಗೆ ಹೋಗಲು ಬಿಡುವುದಿಲ್ಲ. ಸಂದರ್ಶನವಿದೆ. ಮುಗಿದ ಓಟವನ್ನು ಈಗ ನಡೆಯುತ್ತಿದೆ ಎಂಬಂತೆ ವರ್ತಮಾನಕಾಲದಲ್ಲಿ ಹೇಳಬೇಕು, ಅವರ ಪ್ರಶ್ನೆಯನ್ನು ನಿಮ್ಮ ಉತ್ತರದೊಳಗೇ ಸೇರಿಸಿಕೊಳ್ಳಬೇಕು. ದಣಿದ ತಲೆಗೆ ಇದು ಕಷ್ಟ. ಗೆಲ್ಲದ್ದಕ್ಕೆ ಕಣ್ಣೀರು ಬಂತೇ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ಬರದಿದ್ದರೆ ಬರಲಿಲ್ಲ ಎನ್ನಿ.

ಅಲ್ಲಿಂದ ಪ್ರಸಾರದವರೆಗೆ ತಿಂಗಳುಗಟ್ಟಲೆ ಮೌನ. ಕಚೇರಿಯಲ್ಲಿ ರಜೆಯ ಕಾರಣ ಹೇಳುವಂತಿಲ್ಲ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಕೈಯ ಮೇಲಿನ ಬೊಬ್ಬೆಗಳನ್ನು ಕಂಡವರು ಕೇಳಿದರೆ ತೋಟದ ಕೆಲಸ ಎನ್ನಬೇಕು. ಅಮ್ಮನಿಗೂ ಹೇಳಲಿಲ್ಲ, ಏಕೆಂದರೆ ಅಮ್ಮನಿಗೆ ಹೇಳಿದರೆ ಸೋಮವಾರಪೇಟೆ ಸಂತೆಗೆ ಹೇಳಿದಂತೆ. ಸಂಚಿಕೆ ಬಂದಾಗ ನನ್ನ ಪಾಲಿಗೆ ಬಂದದ್ದು ಕೆಲವೇ ನಿಮಿಷ. ಹಿತ್ತಾಳೆ ಸರಳಿನ ಬಗ್ಗೆ ಅವರ ಕೋರಿಕೆಯಂತೆ ವಿವರವಾಗಿ ಮಾತಾಡಿದ್ದೆ, ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಖರ್ಚಿನ ಲೆಕ್ಕ ಕೇಳಿದವರಿಗೆ: ವಿಮಾನ ಮತ್ತು ಹೋಟೆಲು ಅವರದ್ದು. ಉಕ್ಕು, ಗ್ಯಾಸು, ಎಣ್ಣೆ, ಹಿಡಿಯ ಸಾಮಗ್ರಿ ಎಲ್ಲ ಸೇರಿದರೂ ಇನ್ನೂರು ಡಾಲರ್ ದಾಟಲಿಲ್ಲ. ಹಣ ತಿಂದದ್ದು ಸಾಣೆಯ ಬೆಲ್ಟುಗಳು. ಒಳ್ಳೆಯ ಸೆರಾಮಿಕ್ ಬೆಲ್ಟು ಒಂದಕ್ಕೆ ಎಂಟರಿಂದ ಹತ್ತು ಡಾಲರ್, ಅವು ಸವೆಯುವ ವೇಗ ಭಯ ಹುಟ್ಟಿಸುತ್ತದೆ. ಸಾಣೆ ಯಂತ್ರ ನನ್ನ ಬಳಿ ಮೊದಲೇ ಇತ್ತು. ಇಲ್ಲದವರು ಹಳೆಯದನ್ನು ಹುಡುಕಿದರೂ ಸಾವಿರ ಡಾಲರ್ ಮೇಲೆ ತೆಗೆದಿಡಬೇಕು. ಭಾಗವಹಿಸಿದ್ದಕ್ಕೆ ಸಿಕ್ಕ ಸಣ್ಣ ಮೊತ್ತವೂ, ಗೆದ್ದವರಿಗೆ ಸಿಗುವ ಬಹುಮಾನವೂ ಇಲ್ಲಿ ಆದಾಯವೇ. ತೆರಿಗೆ ಹಿಡಿಯದೆ ಪೂರ್ತಿ ಕೈಗೆ ಬಂದರೂ ಆಮೇಲೆ ಕಟ್ಟಬೇಕಾಗುತ್ತದೆ. ಚೆಕ್ಕು ಬಂದ ದಿನವೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಡಿ.

ಕತ್ತಿಯನ್ನು ಅಂಚೆಯಲ್ಲಿ ವಾಪಸು ಕಳಿಸಿದರು. ಮಂಜುಗಡ್ಡೆಗೆ ತಗಲಿದ ಕಡೆ ಬಾಯಿಯಲ್ಲಿ ಒಂದೆರಡು ಸಣ್ಣ ಮುಕ್ಕುಗಳಿದ್ದವು. ಸಾಣೆ ಹಿಡಿದು ತೆಗೆದ ಮೇಲೆ ಅಲಗಿನ ಅಗಲ ಕೊಂಚ ತಗ್ಗಿದೆ, ಆದರೂ ನಿಯಮದ ಅಳತೆಯೊಳಗೇ ಇದೆ. ಮುಂದಿನ ಋತುವಿಗೆ ಅರ್ಜಿ ಕರೆದಿದ್ದಾರೆ. ಈ ಸಲ ನಾನು ಹಾಕುತ್ತಿಲ್ಲ, ಟಿ.ವಿ. ಇಲ್ಲದ ಒಂದು ಬ್ಲೇಡ್‌ಸ್ಪೋರ್ಟ್ಸ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದೇನೆ. ಅಲ್ಲಿ ಬೇರೆಯವರ ಓಟವನ್ನು ಹಗ್ಗದಾಚೆ ನಿಂತು ಮೊದಲಿನಿಂದ ಕೊನೆಯವರೆಗೆ ನೋಡಬಹುದು.